ಮೂರು ದೇಶಗಳಿಗೆ ಬಾಗಿಲು ಮುಚ್ಚಿದ್ದು ಸರಿಯೇ? 2014ರ ಎಬೋಲಾ ಕುರಿತು

ನೇಗಿಲಗೆರೆ

ಪಶ್ಚಿಮ ಆಫ್ರಿಕಾದಲ್ಲಿ ಎಬೋಲಾ ಹಬ್ಬಿದ ಕಾಲದಲ್ಲಿ ನಾನು ಪ್ರಯಾಣ ನಿಷೇಧದ ಪರವಾಗಿ ಗಟ್ಟಿಯಾಗಿ ವಾದಿಸುತ್ತಿದ್ದೆ. ಗಿನಿ, ಲೈಬೀರಿಯಾ, ಸಿಯೆರಾ ಲಿಯೋನ್ ಈ ಮೂರು ದೇಶಗಳ ವಿಮಾನಗಳನ್ನು ನಿಲ್ಲಿಸಬೇಕು, ಅಲ್ಲಿಂದ ಒಬ್ಬರನ್ನೂ ಹೊರಗೆ ಬಿಡಬಾರದು, ರೋಗ ಅಲ್ಲಿಯೇ ಆರಿಹೋಗಬೇಕು ಎಂಬುದು ನನ್ನ ಮಾತಾಗಿತ್ತು. ಪಕ್ಕದ ಮನೆಗೆ ಬೆಂಕಿ ಬಿದ್ದಾಗ ನಮ್ಮ ಬಾಗಿಲು ಹಾಕಿಕೊಳ್ಳುವುದು ತಪ್ಪೇ ಎಂದು ಎದುರಿಗಿದ್ದವರನ್ನು ಕೇಳುತ್ತಿದ್ದೆ.

ಇತ್ತೀಚೆಗೆ ಆ ಕಾಲದ ಘಟನೆಗಳನ್ನು ತಾರೀಖಿನ ಪ್ರಕಾರ ಒಂದು ಹಾಳೆಯಲ್ಲಿ ಬರೆದುಕೊಂಡೆ. 2013ರ ಡಿಸೆಂಬರಿನಲ್ಲಿ ಗಿನಿಯ ಮೆಲಿಯಾಂಡು ಎಂಬ ಹಳ್ಳಿಯಲ್ಲಿ ಒಂದು ಪುಟ್ಟ ಮಗು ಸತ್ತಿತು. ಅದನ್ನು ಕೊಂದದ್ದು ಎಬೋಲಾ ಎಂದು ಜಗತ್ತಿಗೆ ತಿಳಿಯಲು 2014ರ ಮಾರ್ಚ್ ಬರಬೇಕಾಯಿತು. ಜೂನ್ ತಿಂಗಳಲ್ಲಿಯೇ 'ಗಡಿಯಿಲ್ಲದ ವೈದ್ಯರು' ಸಂಸ್ಥೆ ಪರಿಸ್ಥಿತಿ ಕೈಮೀರಿದೆ ಎಂದು ಕೂಗಿ ಹೇಳಿತು. ವಿಶ್ವ ಆರೋಗ್ಯ ಸಂಸ್ಥೆ ಅಂತರರಾಷ್ಟ್ರೀಯ ತುರ್ತುಪರಿಸ್ಥಿತಿ ಘೋಷಿಸಿದ್ದು ಆಗಸ್ಟ್ 8ರಂದು. ಅಲ್ಲಿಯವರೆಗೆ ಕಣ್ಣು ಮುಚ್ಚಿ ಕುಳಿತಿದ್ದ ಸರ್ಕಾರಗಳು ಆ ಒಂದೇ ತಿಂಗಳಲ್ಲಿ ಸಾಲುಸಾಲಾಗಿ ಬಾಗಿಲು ಮುಚ್ಚಿದವು. ತುರ್ತುಪರಿಸ್ಥಿತಿಯ ಘೋಷಣೆಯ ಜೊತೆಗೇ ಪ್ರಯಾಣಕ್ಕಾಗಲಿ ವ್ಯಾಪಾರಕ್ಕಾಗಲಿ ಸಾರಾಸಗಟು ನಿಷೇಧ ಬೇಡ ಎಂಬ ಸಲಹೆಯೂ ಇತ್ತು. ಆ ಸಂಸ್ಥೆಯ ಸದಸ್ಯ ರಾಷ್ಟ್ರಗಳಲ್ಲಿ ಹತ್ತಿರ ಹತ್ತಿರ ಕಾಲುಭಾಗ ಅದನ್ನು ಮೀರಿದವು ಎಂದು ಮರುವರ್ಷದ ಪರಿಶೀಲನಾ ಸಮಿತಿಯೇ ಬರೆದಿದೆ.

ಹಾಳೆಯನ್ನು ಮತ್ತೆ ಮತ್ತೆ ಓದಿದ ಮೇಲೆ ನನ್ನ ಹಳೆಯ ವಾದ ನಿಲ್ಲುವುದಿಲ್ಲ ಎಂದು ಅನ್ನಿಸತೊಡಗಿದೆ. ಆದರೆ ಅದನ್ನು ಪೂರ್ತಿಯಾಗಿ ಬಿಡಲೂ ಮನಸ್ಸಾಗುತ್ತಿಲ್ಲ. ನಿಮ್ಮೆಲ್ಲರ ಅಭಿಪ್ರಾಯ ಬೇಕು.

ಕಲ್ಲುಕೋಟೆ

ಬಿಡಬೇಡಿ ಎನ್ನುತ್ತೇನೆ. ನಿಮ್ಮ ಹಳೆಯ ವಾದವೇ ಸರಿ.

ಸರ್ಕಾರದ ಮೊದಲ ಹೊಣೆ ತನ್ನ ಪ್ರಜೆಗಳ ಜೀವ. ದಾಖಲಾದ 28,600ಕ್ಕೂ ಹೆಚ್ಚು ರೋಗಿಗಳಲ್ಲಿ 11,300ಕ್ಕೂ ಹೆಚ್ಚು ಮಂದಿ ಸತ್ತ ರೋಗ ಅದು. ಆಗ ಲಸಿಕೆ ಇರಲಿಲ್ಲ, ಖಚಿತವಾದ ಔಷಧವೂ ಇರಲಿಲ್ಲ. 2014ರ ಜುಲೈ 20ರಂದು ಲೈಬೀರಿಯಾದಿಂದ ಹೊರಟ ಒಬ್ಬನೇ ಪ್ರಯಾಣಿಕ ನೈಜೀರಿಯಾದ ಲಾಗೋಸ್ ವಿಮಾನ ನಿಲ್ದಾಣದಲ್ಲಿ ಕುಸಿದು ಬಿದ್ದ. ಅವನಿಂದ ಶುರುವಾದ ಸರಪಳಿಯಲ್ಲಿ ಅವನೂ ಸೇರಿ 20 ಮಂದಿಗೆ ರೋಗ ತಗುಲಿತು, 8 ಮಂದಿ ಸತ್ತರು. ವಿಮಾನ ಮೊದಲೇ ನಿಂತಿದ್ದರೆ ಉಳಿದ ಏಳು ಜೀವ ಉಳಿಯುತ್ತಿದ್ದವು. ಇನ್ನೊಂದು ಕಡೆ ನೋಡಿ. ಐವರಿ ಕೋಸ್ಟ್ ದೇಶಕ್ಕೆ ಗಿನಿಯ ಜೊತೆಗೂ ಲೈಬೀರಿಯಾದ ಜೊತೆಗೂ ಗಡಿಯಿದೆ. ಆಗಸ್ಟ್ ತಿಂಗಳಲ್ಲಿ ಅದು ಎರಡೂ ಗಡಿಗಳನ್ನು ಮುಚ್ಚಿತು. ಅಲ್ಲಿ ಒಂದೇ ಒಂದು ಪ್ರಕರಣವೂ ಬರಲಿಲ್ಲ. ಗಡಿ ಮುಚ್ಚದ ಮಾಲಿಗೆ ರೋಗ ಬಂತು. ಇದಕ್ಕಿಂತ ಸ್ಪಷ್ಟವಾದ ಉತ್ತರ ಬೇಕೇ?

ರಾತ್ರಿಪಾಳಿ

ನಾನು ದಾದಿ. ಎಬೋಲಾ ವಾರ್ಡಿನಲ್ಲಿ ಕೆಲಸ ಮಾಡಿದವಳಲ್ಲ, ಆದರೆ ಬೇರೆ ಸೋಂಕುಗಳ ಪ್ರತ್ಯೇಕ ವಾರ್ಡಿನಲ್ಲಿ ಬಹಳ ವರ್ಷ ದುಡಿದಿದ್ದೇನೆ. ಕಲ್ಲುಕೋಟೆಯವರು ಲಾಗೋಸಿನ ಕಥೆಯನ್ನು ಅರ್ಧಕ್ಕೆ ನಿಲ್ಲಿಸಿದ್ದಾರೆ. ಉಳಿದರ್ಧವನ್ನು ಹೇಳದೆ ಇರಲಾರೆ.

ಆ ಪ್ರಯಾಣಿಕ ಸೇರಿದ ಆಸ್ಪತ್ರೆಯಲ್ಲಿ ಅಮೆಯೊ ಸ್ಟೆಲ್ಲಾ ಅದಾದೆವೋ ಎಂಬ ಹಿರಿಯ ವೈದ್ಯೆ ಇದ್ದರು. ಅವನನ್ನು ಬಿಡುಗಡೆ ಮಾಡಿ, ಸಮ್ಮೇಳನಕ್ಕೆ ಹೋಗಬೇಕಾಗಿದೆ ಎಂದು ಅವರ ಮೇಲೆ ಒತ್ತಡ ಬಂತು. ಅವರು ಜಗ್ಗಲಿಲ್ಲ. ಎಬೋಲಾ ಇರಬಹುದೆಂದು ಶಂಕಿಸಿ ಅವನನ್ನು ಹೊರಗೆ ಬಿಡಲಿಲ್ಲ, ಅಧಿಕಾರಿಗಳಿಗೆ ಸುದ್ದಿ ಮುಟ್ಟಿಸಿದರು. ಅದೇ ರೋಗ ತಗುಲಿ ಆಗಸ್ಟ್ 19ರಂದು ತೀರಿಕೊಂಡರು. ನೀವು ಲೆಕ್ಕ ಹಾಕಿದ ಎಂಟು ಸಾವುಗಳಲ್ಲಿ ಅವರದೂ ಒಂದು.

ಆಮೇಲೆ ಸರ್ಕಾರ ಮಾಡಿದ್ದನ್ನು ನೋಡಿ. ಪೋಲಿಯೊ ನಿರ್ಮೂಲನೆಗೆಂದು ಕಟ್ಟಿದ್ದ ತುರ್ತು ಕಾರ್ಯಾಚರಣೆಯ ವ್ಯವಸ್ಥೆಯನ್ನು ಹಾಗೆಯೇ ಎಬೋಲಾಕ್ಕೆ ತಿರುಗಿಸಿದರು. ರೋಗಿಗಳ ಹತ್ತಿರ ಬಂದಿದ್ದ ಸುಮಾರು 900 ಮಂದಿಯನ್ನು ಒಬ್ಬೊಬ್ಬರಾಗಿ ಹುಡುಕಿದರು. ಜ್ವರ ಬಂದಿದೆಯೇ ಎಂದು ನೋಡಲು ಮುಖಾಮುಖಿ ಭೇಟಿ ಮಾಡಿದ್ದು ಸುಮಾರು 18,500 ಸಲ. ಅಕ್ಟೋಬರ್ 20ಕ್ಕೆ ನೈಜೀರಿಯಾ ಎಬೋಲಾಮುಕ್ತ ಎಂದು ಘೋಷಣೆಯಾಯಿತು. ಕಿಕ್ಕಿರಿದ ಲಾಗೋಸಿನಂಥ ಮಹಾನಗರದಲ್ಲಿ ಮೂರೇ ತಿಂಗಳಲ್ಲಿ ಇದು ಸಾಧ್ಯವಾಯಿತು. ಬಾಗಿಲು ಬಡಿದು, ಜ್ವರ ನೋಡಿ, ಮರುದಿನ ಮತ್ತೆ ಬಾಗಿಲು ಬಡಿದ ಕಾರ್ಯಕರ್ತರು ಸಾಧಿಸಿದ್ದು ಇದು. ಅವರ ಹೆಸರು ಯಾವ ಪತ್ರಿಕೆಯಲ್ಲೂ ಬರಲಿಲ್ಲ.

ಎಬೋಲಾ ಗಾಳಿಯಲ್ಲಿ ಹರಡುವ ರೋಗವಲ್ಲ. ರೋಗಿಯ ರಕ್ತ, ವಾಂತಿ, ಭೇದಿ, ಬೆವರು ಮುಟ್ಟಿದವರಿಗೆ ಬರುತ್ತದೆ. ಶವ ತೊಳೆದವರಿಗೆ ಬರುತ್ತದೆ. ಲಕ್ಷಣ ಕಾಣಿಸಿಕೊಳ್ಳುವ ಮೊದಲು ರೋಗಿ ಬೇರೆಯವರಿಗೆ ಹರಡುವುದಿಲ್ಲ. ಹೀಗಿರುವಾಗ ಯಾರನ್ನು ತಡೆಯಬೇಕು ಎಂಬುದು ಬಹುಮಟ್ಟಿಗೆ ಗೊತ್ತಿರುತ್ತದೆ: ರೋಗಿಯನ್ನು ಮುಟ್ಟಿದವರನ್ನು, ಅದೂ 21 ದಿನ, ಏಕೆಂದರೆ ಸೋಂಕು ತಗುಲಿದ್ದರೆ ಅಷ್ಟರೊಳಗೆ ಲಕ್ಷಣ ಕಾಣಿಸಿಕೊಳ್ಳುತ್ತದೆ. ಇಡೀ ದೇಶದ ಜನರನ್ನು ತಡೆಯುವುದು ಯಾವ ಲೆಕ್ಕ?

ಕಲ್ಲುಕೋಟೆ

ಆ ವೈದ್ಯೆಯ ವಿಷಯ ನನಗೆ ತಿಳಿದಿರಲಿಲ್ಲ. ಅವರಿಗೆ ತಲೆಬಾಗುತ್ತೇನೆ.

ಆದರೆ ಒಂದು ಮಾತು. ಪ್ರತಿ ದೇಶದಲ್ಲೂ ಅಂಥ ವೈದ್ಯೆ ಸಿಗುತ್ತಾರೆಂದು ನಂಬಿ ಸರ್ಕಾರ ನಡೆಸಲು ಆಗುವುದಿಲ್ಲ. 2014ರ ಸೆಪ್ಟೆಂಬರಿನಲ್ಲಿ ಲೈಬೀರಿಯಾದಿಂದ ಅಮೆರಿಕದ ಡಲ್ಲಾಸಿಗೆ ಬಂದ ಪ್ರಯಾಣಿಕನಿಗೆ ಹೊರಡುವಾಗ ಜ್ವರ ಇರಲಿಲ್ಲ. ತಪಾಸಣೆಯಲ್ಲಿ ಪಾಸಾದ. ಕಾಯಿಲೆ ಬಿದ್ದು ಆಸ್ಪತ್ರೆಗೆ ಹೋದಾಗ ಮೊದಲ ಸಲ ಮನೆಗೆ ಕಳಿಸಿಬಿಟ್ಟರು. ಅಕ್ಟೋಬರ್ 8ರಂದು ಅವನು ಸತ್ತ, ಅವನ ಆರೈಕೆ ಮಾಡಿದ ಇಬ್ಬರು ದಾದಿಯರಿಗೆ ರೋಗ ಬಂತು. ಅಷ್ಟು ಶ್ರೀಮಂತ ದೇಶದ ಆಸ್ಪತ್ರೆಯೇ ಎಡವಿತು. ಬಡ ದೇಶದ ಗತಿ ಏನು? ಎಡವುವ ಸಾಧ್ಯತೆ ಇದ್ದಾಗ ಬಾಗಿಲು ಮುಚ್ಚುವುದೇ ಕ್ಷೇಮ.

ರಾತ್ರಿಪಾಳಿ

ಆ ಇಬ್ಬರು ದಾದಿಯರು ಗುಣಮುಖರಾದರು. ಅದನ್ನೂ ಬರೆಯಬೇಕು, ಏಕೆಂದರೆ ಬೇಗ ಗುರುತಿಸಿ ಒಳ್ಳೆಯ ಆರೈಕೆ ಕೊಟ್ಟರೆ ಈ ರೋಗದಲ್ಲೂ ಜನ ಬದುಕುತ್ತಾರೆ.

ಜ್ವರ ತಪಾಸಣೆಯ ಮಿತಿ ನೀವು ಹೇಳಿದ್ದೇ. ಸೋಂಕು ತಗುಲಿ ಲಕ್ಷಣ ಕಾಣದ ದಿನಗಳಲ್ಲಿ ಥರ್ಮಾಮೀಟರಿಗೆ ಏನೂ ಸಿಗುವುದಿಲ್ಲ. ಆದ್ದರಿಂದಲೇ ಬಂದಿಳಿದವರ ಮೇಲೆ 21 ದಿನ ನಿಗಾ ಬೇಕು. ಅಮೆರಿಕವೂ ಅಕ್ಟೋಬರಿನಲ್ಲಿ ಅದನ್ನೇ ಮಾಡಿತು. ಮೂರು ದೇಶಗಳಿಂದ ಬರುವವರೆಲ್ಲ ಐದೇ ವಿಮಾನ ನಿಲ್ದಾಣಗಳಲ್ಲಿ ಇಳಿಯಬೇಕು, ದಿನಾ ಎರಡು ಸಲ ಜ್ವರ ನೋಡಿಕೊಳ್ಳಬೇಕು, ಸ್ಥಳೀಯ ಆರೋಗ್ಯ ಇಲಾಖೆಗೆ ದಿನವೂ ವರದಿ ಕೊಡಬೇಕು. ಇದೂ ಪ್ರಯಾಣ ನಿರ್ಬಂಧವೇ. ನಾನು ನಿರ್ಬಂಧವೇ ಬೇಡ ಎನ್ನುತ್ತಿಲ್ಲ, ಬಾಗಿಲು ತೆರೆದಿಟ್ಟು ಬಾಗಿಲಲ್ಲಿ ಒಬ್ಬರನ್ನು ಕೂರಿಸಿ ಎನ್ನುತ್ತಿದ್ದೇನೆ.

ಡಲ್ಲಾಸಿನ ಆ ಪ್ರಯಾಣಿಕ ಬಂದದ್ದು ಬ್ರಸೆಲ್ಸ್ ದಾರಿಯಾಗಿ. ಲೈಬೀರಿಯಾದಿಂದ ಅಮೆರಿಕಕ್ಕೆ ಆಗ ನೇರ ವಿಮಾನವೇ ಇರಲಿಲ್ಲ. ಯಾವ ವಿಮಾನವನ್ನು ನಿಲ್ಲಿಸುತ್ತೀರಿ?

ಹಾಯಿಪಟ

ನಾನು ಸರಕು ಹಡಗಿನಲ್ಲಿ ದುಡಿದವನು. ಆ ವರ್ಷ ಪಶ್ಚಿಮ ಆಫ್ರಿಕಾದ ಬಂದರುಗಳಿಗೆ ಹೋಗುವ ಹಡಗುಗಳಲ್ಲಿ ದಡಕ್ಕೆ ಕಾಲಿಡಬಾರದು ಎಂಬ ಕಟ್ಟಪ್ಪಣೆ ಇತ್ತು. ಅದರಲ್ಲಿ ನನಗೆ ತಕರಾರಿಲ್ಲ. ಹಡಗಿಗೆ ಏರಿ ಬರುವವರ ಜ್ವರ ನೋಡುತ್ತಿದ್ದೆವು, ಬೇಡದವರು ಮೇಲೆ ಬರದಂತೆ ಏಣಿಯ ಬಳಿ ಸರದಿಯಲ್ಲಿ ಕಾವಲು ಇರುತ್ತಿದ್ದೆವು. ಸರಕು ಇಳಿಯುತ್ತಿತ್ತು, ಅಕ್ಕಿ ಇಳಿಯುತ್ತಿತ್ತು, ನಾವು ಹೊರಡುತ್ತಿದ್ದೆವು.

ನೋವಾದದ್ದು ಆಮೇಲೆ. ಮುಂದಿನ ಬಂದರಿನಲ್ಲಿ, ನಮ್ಮಲ್ಲಿ ಯಾರಿಗೂ ಒಂದು ಕೆಮ್ಮೂ ಇಲ್ಲದಿದ್ದರೂ, ಹಡಗನ್ನು ದೂರದಲ್ಲೇ ಲಂಗರು ಹಾಕಿಸಿದರು. ನಮ್ಮ ಒಬ್ಬ ಸಹೋದ್ಯೋಗಿಯ ಹಲ್ಲುನೋವು ಮಿತಿಮೀರಿತ್ತು. ವೈದ್ಯರನ್ನು ಕಳಿಸಲೂ ಒಪ್ಪಲಿಲ್ಲ. ಎಷ್ಟು ದಿನ ಕಾಯಬೇಕು ಎಂದು ಕೇಳಿದರೆ ಉತ್ತರ ಕೊಡುವವರಿಲ್ಲ. 21 ದಿನ ಎಂದಿದ್ದರೆ ಎಣಿಸುತ್ತಿದ್ದೆವು. ನಿಯಮ ಕಠಿಣವಾಗಿದ್ದರೂ ಮನುಷ್ಯ ತಾಳಿಕೊಳ್ಳುತ್ತಾನೆ. ಕೊನೆಯೇ ಕಾಣದ ನಿಯಮವನ್ನು ತಾಳಿಕೊಳ್ಳುವುದು ಕಷ್ಟ.

ನೇಗಿಲಗೆರೆ

ಹಾಯಿಪಟ ಅವರೇ, ಅಕ್ಕಿ ಇಳಿಯುತ್ತಿತ್ತು ಎಂಬ ಮಾತಿನಿಂದ ನನಗೆ ಬೇರೆಯದೇ ಒಂದು ಪ್ರಶ್ನೆ ಎದ್ದಿದೆ. ನಾನು ನಿಷೇಧ ಬೇಕು ಎನ್ನುತ್ತಿದ್ದಾಗ ಹೊರಗೆ ಬರುವವರನ್ನು ಮಾತ್ರ ಯೋಚಿಸುತ್ತಿದ್ದೆ. ಒಳಗೆ ಹೋಗಬೇಕಾದವರು ನನ್ನ ತಲೆಗೆ ಹೊಳೆದಿರಲಿಲ್ಲ.

ರೋಗ ಬರುವ ಮೊದಲು ಇಡೀ ಲೈಬೀರಿಯಾದಲ್ಲಿ, ನಲವತ್ತು ಲಕ್ಷ ಜನರಿಗೆ, ಇದ್ದ ವೈದ್ಯರು ಸುಮಾರು 50. ಸಿಯೆರಾ ಲಿಯೋನಿನಲ್ಲಿ ಇಂಥ ಜ್ವರಗಳನ್ನು ಬಲ್ಲ ಪ್ರಮುಖ ವೈದ್ಯ ಶೇಖ್ ಉಮರ್ ಖಾನ್ ಜುಲೈ 29ರಂದು ಅದೇ ರೋಗಕ್ಕೆ ಬಲಿಯಾದರು. ಹೊರಗಿನಿಂದ ವೈದ್ಯರು, ಕೈಗವಸು, ಪಿಪಿಇ ಕಿಟ್, ಪ್ರಯೋಗಾಲಯದ ಸಾಮಗ್ರಿ ಹೋಗಲೇಬೇಕಾಗಿದ್ದ ಹೊತ್ತು ಅದು. ಸರಿಯಾಗಿ ಅದೇ ಆಗಸ್ಟಿನಲ್ಲಿ ಎಮಿರೇಟ್ಸ್ ನಿಂತಿತು, ಬ್ರಿಟಿಷ್ ಏರ್‌ವೇಸ್ ನಿಂತಿತು, ಕೀನ್ಯಾ ಏರ್‌ವೇಸ್ ನಿಂತಿತು. ರಾಯಲ್ ಏರ್ ಮಾರೋಕ್ ಮತ್ತು ಬ್ರಸೆಲ್ಸ್ ಏರ್‌ಲೈನ್ಸ್ ನಿಲ್ಲದೇ ಹಾರಿದ್ದರಿಂದ ಒಂದು ಎಳೆ ಉಳಿಯಿತು. ಸೆಪ್ಟೆಂಬರ್ 18ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿಯೇ 2177ನೇ ನಿರ್ಣಯದಲ್ಲಿ ಗಡಿ ಮತ್ತು ಪ್ರಯಾಣ ನಿರ್ಬಂಧಗಳನ್ನು ತೆಗೆಯಿರಿ ಎಂದು ಕೇಳಬೇಕಾಗಿ ಬಂತು. ಯುದ್ಧ, ಕದನವಿರಾಮಗಳನ್ನು ಚರ್ಚಿಸುವ ಮಂಡಳಿ ಅದು.

ಬೆಂಕಿ ಬಿದ್ದ ಮನೆಯ ಉಪಮೆ ಕೊಡುತ್ತಿದ್ದೆನಲ್ಲ. ನಾನು ಮುಚ್ಚಿದ್ದು ನನ್ನ ಬಾಗಿಲನ್ನಲ್ಲ, ಆ ಮನೆಗೆ ನೀರು ಹೋಗುವ ದಾರಿಯನ್ನು.

ಮೊದಲಮಳೆ

ಒಂದು ಸಣ್ಣ ಪ್ರಶ್ನೆ. ಆಗ ಭಾರತ ಏನು ಮಾಡಿತು?

ರಾತ್ರಿಪಾಳಿ

ಭಾರತ ಸಾರಾಸಗಟು ನಿಷೇಧ ಹಾಕಲಿಲ್ಲ, ವಿಮಾನ ನಿಲ್ದಾಣಗಳಲ್ಲಿ ತಪಾಸಣೆ ಮತ್ತು ನಿಗಾ ಇಟ್ಟಿತು. ನವೆಂಬರ್ 10ರಂದು ಲೈಬೀರಿಯಾದಿಂದ ದೆಹಲಿಗೆ ಬಂದ 26 ವರ್ಷದ ಒಬ್ಬರು ಲೈಬೀರಿಯಾದಲ್ಲಿಯೇ ಚಿಕಿತ್ಸೆ ಪಡೆದು ಗುಣವಾದವರು, ಕೈಯಲ್ಲಿ ಪ್ರಮಾಣಪತ್ರವೂ ಇತ್ತು. ರಕ್ತದಲ್ಲಿ ವೈರಸ್ ಇರಲಿಲ್ಲ. ಆದರೂ ವೀರ್ಯದ ಮಾದರಿಯಲ್ಲಿ ಅದರ ಗುರುತು ಸಿಕ್ಕಿತು, ಹಾಗಾಗಿ ಅವರನ್ನು ಪ್ರತ್ಯೇಕವಾಗಿ ಇರಿಸಿಕೊಂಡರು. ಗುಣವಾದ ಮೇಲೂ ತಿಂಗಳುಗಟ್ಟಲೆ ವೈರಸ್ ಅಲ್ಲಿ ಉಳಿಯಬಲ್ಲದು. ಒಬ್ಬ ವ್ಯಕ್ತಿ, ಒಂದು ಪರೀಕ್ಷೆ, ಅವನಿಗಷ್ಟೇ ಅನ್ವಯಿಸುವ ನಿರ್ಬಂಧ. ಅಂದು ಇದನ್ನು ಓದಿ ನನಗೆ ಸಮಾಧಾನವಾಗಿತ್ತು.

ಹಳೆಕಡತ

ಇಲ್ಲಿಯವರೆಗೆ ಎಲ್ಲರೂ ದೇಶದೇಶಗಳ ನಡುವಿನ ಗಡಿಯ ಬಗ್ಗೆ ಬರೆದಿದ್ದೀರಿ. ದೇಶದೊಳಗೆ ಹಾಕಿದ ಬೇಲಿಯ ಬಗ್ಗೆ ಯಾರೂ ಮಾತನಾಡಿಲ್ಲ. ನನ್ನ ಮಟ್ಟಿಗೆ ಆ ವರ್ಷದ ಅತ್ಯಂತ ದೊಡ್ಡ ಪಾಠ ಅಲ್ಲಿದೆ.

ಲೈಬೀರಿಯಾದ ರಾಜಧಾನಿ ಮನ್ರೋವಿಯಾದಲ್ಲಿ ವೆಸ್ಟ್ ಪಾಯಿಂಟ್ ಎಂಬ ಕೊಳೆಗೇರಿ ಇದೆ. ಸಮುದ್ರದೊಳಕ್ಕೆ ಚಾಚಿದ ಚಿಕ್ಕ ಜಾಗ, ಹತ್ತಾರು ಸಾವಿರ ಜನ. ಆಗಸ್ಟ್ ಮಧ್ಯದಲ್ಲಿ ಅಲ್ಲಿನ ಶಾಲೆಯೊಂದರಲ್ಲಿ, ಜನರನ್ನು ವಿಶ್ವಾಸಕ್ಕೆ ತೆಗೆದುಕೊಳ್ಳದೆ, ಶಂಕಿತ ರೋಗಿಗಳನ್ನು ತಂದು ಇರಿಸಿದರು. ಬೇರೆ ಕಡೆಯ ರೋಗಿಗಳನ್ನು ನಮ್ಮ ನಡುವೆ ತಂದು ಸುರಿಯುತ್ತಿದ್ದಾರೆ ಎಂದು ಜನ ಸಿಟ್ಟಾದರು. ಗುಂಪು ನುಗ್ಗಿತು, ರೋಗಿಗಳು ಓಡಿಹೋದರು. ಆಗಸ್ಟ್ 20ರ ಬೆಳಗ್ಗೆ ಜನ ಎದ್ದು ನೋಡುವಾಗ ಸೈನಿಕರು ಮತ್ತು ಪೊಲೀಸರು ಇಡೀ ಪ್ರದೇಶಕ್ಕೆ ಬೇಲಿ ಹಾಕಿದ್ದರು. ಕೂಲಿಗೆ ಹೋಗುವಂತಿಲ್ಲ, ಸಂತೆಗೆ ಹೋಗುವಂತಿಲ್ಲ. ಗಲಭೆಯಾಯಿತು, ಗುಂಡು ಹಾರಿತು, 15 ವರ್ಷದ ಹುಡುಗನೊಬ್ಬ ಗಾಯಗೊಂಡು ಸತ್ತ. ಅವನಿಗೆ ಎಬೋಲಾ ಇರಲಿಲ್ಲ.

21 ದಿನ ಎಂದು ಶುರುವಾದ ದಿಗ್ಬಂಧನವನ್ನು ಸುಮಾರು ಹತ್ತು ದಿನಕ್ಕೆ ತೆಗೆದರು. ಅಷ್ಟು ದಿನವೂ ಲಂಚ ಕೊಟ್ಟವರು, ದೋಣಿ ಇದ್ದವರು ಹೊರಗೆ ಬರುತ್ತಲೇ ಇದ್ದರು. ಅಂದರೆ ಆ ಬೇಲಿ ತಡೆದದ್ದು ಬಡವರಲ್ಲಿ ಬಡವರನ್ನು ಮಾತ್ರ.

ಆಮೇಲೆ ಅದೇ ಮನ್ರೋವಿಯಾದಲ್ಲಿ ರೋಗ ಇಳಿಯತೊಡಗಿತು. ಬಡಾವಣೆಯವರೇ ಸ್ವಯಂಸೇವಕರಾಗಿ ತಮ್ಮ ಬೀದಿಗಳಲ್ಲಿ ಮನೆಮನೆಗೆ ಹೋದರು, ಕಾಯಿಲೆ ಬಿದ್ದವರನ್ನು ಮರೆಮಾಚದೆ ತಿಳಿಸಿದರು, ಸತ್ತವರ ಮೈ ಮುಟ್ಟದಂತೆ ತಮ್ಮವರ ಮನವೊಲಿಸಿದರು. ಅಂದಿನ ಅಧ್ಯಕ್ಷೆ ಎಲೆನ್ ಜಾನ್ಸನ್ ಸರ್ಲೀಫ್ ಕೂಡ ವೆಸ್ಟ್ ಪಾಯಿಂಟಿಗೆ ಸೈನ್ಯ ಕಳಿಸಿದ್ದು ತಪ್ಪಾಯಿತೆಂದು ಆಮೇಲೆ ಒಪ್ಪಿಕೊಂಡರು. ಅಧಿಕಾರದಲ್ಲಿದ್ದು ತಪ್ಪೊಪ್ಪಿಕೊಳ್ಳುವುದು ಸುಲಭವಲ್ಲ, ಅದಕ್ಕಾಗಿ ಅವರ ಬಗ್ಗೆ ನನಗೆ ಗೌರವವಿದೆ.

ಕಲ್ಲುಕೋಟೆ

ಸಿಯೆರಾ ಲಿಯೋನಿನಲ್ಲಿ ಸೆಪ್ಟೆಂಬರ್ 19ರಿಂದ 21ರವರೆಗೆ ಇಡೀ ದೇಶವೇ ಮನೆಯೊಳಗಿತ್ತಲ್ಲ? ಅಲ್ಲಿ ಇಂಥ ಗಲಭೆ ಆಗಲಿಲ್ಲ. ಕಟ್ಟುನಿಟ್ಟು ಕೆಲಸ ಮಾಡುವುದಿಲ್ಲ ಎಂದು ಹೇಗೆ ಹೇಳುತ್ತೀರಿ?

ಹಳೆಕಡತ

ಒಳ್ಳೆಯ ಪ್ರಶ್ನೆ. ವ್ಯತ್ಯಾಸ ಎಲ್ಲಿದೆ ನೋಡಿ. ಅದನ್ನು ದಿನಗಳ ಮುಂಚೆಯೇ ಹೇಳಿದ್ದರು. ಮೂರೇ ದಿನ ಎಂದರು, ಮೂರೇ ದಿನ ಮಾಡಿದರು. ಸಾವಿರಾರು ಸ್ವಯಂಸೇವಕರು ಸೋಪು ಮತ್ತು ಮಾಹಿತಿ ಹಿಡಿದು ಮನೆಮನೆಗೆ ಹೋದರು. ಅಲ್ಲಿಯೂ ಹಸಿದವರಿದ್ದರು, ಬಲವಂತದ ದಾರಿ ಜನರ ನಂಬಿಕೆ ಕೆಡಿಸುತ್ತದೆ ಎಂದು ಗಡಿಯಿಲ್ಲದ ವೈದ್ಯರು ಮೊದಲೇ ಎಚ್ಚರಿಸಿದ್ದರು. ಆ ಮೂರು ದಿನಗಳಿಂದ ರೋಗ ನಿಲ್ಲಲಿಲ್ಲ, ಮುಂದಿನ ತಿಂಗಳುಗಳಲ್ಲಿ ಸಿಯೆರಾ ಲಿಯೋನ್ ಇನ್ನೂ ಹೆಚ್ಚು ನರಳಿತು. ಆದರೆ ಯಾರೂ ಗುಂಡು ಹಾರಿಸಬೇಕಾಗಿ ಬರಲಿಲ್ಲ.

ಐವರಿ ಕೋಸ್ಟಿನ ವಿಷಯ. ಆ ಗಡಿಯಲ್ಲಿ ಎರಡೂ ಕಡೆ ಒಂದೇ ಭಾಷೆಯ, ಒಂದೇ ಕುಟುಂಬದ ಜನರಿದ್ದಾರೆ, ಕಾಡಿನ ಕಾಲುದಾರಿಗಳಿವೆ. ಸರ್ಕಾರದ ಆದೇಶ ಹೆದ್ದಾರಿಯ ಗೇಟನ್ನು ಮುಚ್ಚುತ್ತದೆ, ಕಾಲುದಾರಿಯನ್ನಲ್ಲ. ಅಲ್ಲಿ ಹಳ್ಳಿಗರಿಗೆ ತಿಳಿವಳಿಕೆ ಕೊಡುವ ಕೆಲಸವೂ ಜೊತೆಜೊತೆಗೆ ನಡೆಯಿತು. ಯಾವುದರಿಂದ ಎಷ್ಟು ಉಪಯೋಗವಾಯಿತು ಎಂದು ಬೇರ್ಪಡಿಸಿ ತೂಗಲು ಸಾಧ್ಯವಿಲ್ಲ. ಇನ್ನು ಮಾಲಿ. ಗಿನಿಯಿಂದ ಅಜ್ಜಿಯ ಜೊತೆ ಬಸ್ಸಿನಲ್ಲಿ ಬಂದ ಎರಡು ವರ್ಷದ ಮಗು ಅಕ್ಟೋಬರ್ 24ರಂದು ಕಾಯೆಸ್ ಪಟ್ಟಣದಲ್ಲಿ ಸತ್ತಿತು. ಸಾವಿರ ಕಿಲೋಮೀಟರಿಗೂ ಹೆಚ್ಚು ದೂರದ ಪ್ರಯಾಣ, ದಾರಿಯುದ್ದಕ್ಕೂ ಮೂಗಿನಿಂದ ರಕ್ತ. ಆ ಮಗುವಿನಿಂದ ಬೇರೆ ಯಾರಿಗೂ ರೋಗ ಬರಲಿಲ್ಲ, ಏಕೆಂದರೆ ಬಸ್ಸಿನಲ್ಲಿದ್ದವರನ್ನೂ ದಾರಿಯಲ್ಲಿ ಭೇಟಿಯಾದವರನ್ನೂ ಹುಡುಕಿ ನಿಗಾದಲ್ಲಿ ಇಟ್ಟರು. ಆಮೇಲೆ ಬೇರೊಬ್ಬ ರೋಗಿಯಿಂದ ಇನ್ನೊಂದು ಸರಪಳಿ ಶುರುವಾಯಿತು, ಅದನ್ನೂ ಕಡಿದರು. ಗಡಿ ತೆರೆದಿದ್ದ ಮಾಲಿಯಲ್ಲಿ ಒಟ್ಟು 8 ಪ್ರಕರಣ.

ಹಾಯಿಪಟ

ಆ ಮಗು ಕದ್ದುಮುಚ್ಚಿ ಕಾಡುದಾರಿಯಲ್ಲಿ ಬಂದಿದ್ದರೆ ಬಸ್ಸಿನವರ ಪಟ್ಟಿಯೇ ಇರುತ್ತಿರಲಿಲ್ಲ.

ಕಲ್ಲುಕೋಟೆ

ಹಾಯಿಪಟ ಅವರ ಒಂದು ಸಾಲು ನನ್ನನ್ನು ತಟ್ಟಿತು, ಒಪ್ಪಿಕೊಳ್ಳುತ್ತೇನೆ. ಮುಚ್ಚಿದ ಗಡಿಯಲ್ಲಿ ಬರುವವರು ಬಂದೇ ಬರುತ್ತಾರೆ, ಆದರೆ ಯಾರು ಬಂದರು ಎಂಬುದು ನಮಗೆ ಗೊತ್ತಾಗುವುದಿಲ್ಲ.

ಆದರೂ ನನ್ನ ಭಯ ಪೂರ್ತಿ ಹೋಗಿಲ್ಲ. ಎಬೋಲಾ ಮುಟ್ಟಿದರೆ ಮಾತ್ರ ಹರಡುವ ರೋಗ. ಲಕ್ಷಣ ಕಾಣುವ ಮೊದಲೇ ಉಸಿರಿನಿಂದ ಹರಡುವ ರೋಗ ಬಂದರೆ ಈ ವಾದವೆಲ್ಲ ಉಳಿಯುತ್ತದೆಯೇ? ಅಂಥ ರೋಗ ಬಂದದ್ದನ್ನೂ ನಾವು ನೋಡಿಬಿಟ್ಟಿದ್ದೇವೆ.

ರಾತ್ರಿಪಾಳಿ

ಉಳಿಯುವುದಿಲ್ಲ. ನಿಜವಾಗಿ ಉಳಿಯುವುದಿಲ್ಲ. ಅಂಥ ರೋಗದಲ್ಲಿ ಪ್ರಯಾಣ ತಡೆದರೆ ಸ್ವಲ್ಪ ಕಾಲ ಸಿಗುತ್ತದೆ, ಆ ಕಾಲಕ್ಕೆ ಬೆಲೆಯಿದೆ. ಎಬೋಲಾದಲ್ಲೂ ಪ್ರಯಾಣವನ್ನು ಬಹುಪಾಲು ಕಡಿತಗೊಳಿಸಿದರೆ ರೋಗ ಹೊರದೇಶ ತಲುಪುವುದು ಕೆಲವು ವಾರ ತಡವಾಗುತ್ತದೆ ಎಂದು ಗಣಿತಜ್ಞರು ಲೆಕ್ಕ ಹಾಕಿದ್ದರು. ಆ ವಾರಗಳಲ್ಲಿ ಹಾಸಿಗೆ, ಪರೀಕ್ಷೆ, ತರಬೇತಿ ಸಿದ್ಧಮಾಡಿಕೊಂಡರೆ ತಡೆದದ್ದು ಸಾರ್ಥಕ. ಸುಮ್ಮನೆ ಕುಳಿತರೆ ತಡವಾಗಿ ಬಂದ ರೋಗವೂ ಅಷ್ಟೇ ಜನರನ್ನು ಕೊಲ್ಲುತ್ತದೆ. ರೋಗ ಯಾವುದು, ಹೇಗೆ ಹರಡುತ್ತದೆ, ಸೋಂಕಿಗೂ ಲಕ್ಷಣಕ್ಕೂ ನಡುವೆ ಎಷ್ಟು ದಿನ, ಇವು ತಿಳಿಯದೆ ಹೊರಡಿಸಿದ ಆದೇಶ ಕುರುಡು ಆದೇಶ.

ಇನ್ನೊಂದು ನೋವಿನ ಸಂಗತಿ ಹೇಳಿ ಮುಗಿಸುತ್ತೇನೆ. ಅಕ್ಟೋಬರ್ 24ರಂದು ಸಿಯೆರಾ ಲಿಯೋನಿನಲ್ಲಿ ರೋಗಿಗಳ ಸೇವೆ ಮಾಡಿ ಮರಳಿದ ಒಬ್ಬ ದಾದಿಯನ್ನು ಅಮೆರಿಕದ ನೆವಾರ್ಕ್ ವಿಮಾನ ನಿಲ್ದಾಣದಲ್ಲಿ ತಡೆದು, ಆಸ್ಪತ್ರೆಯೊಂದರ ಆವರಣದ ಡೇರೆಯಲ್ಲಿ ಇರಿಸಿದರು. ರಕ್ತಪರೀಕ್ಷೆಯಲ್ಲಿ ರೋಗವಿಲ್ಲ ಎಂದು ಬಂದಿತ್ತು. ಆಮೇಲೆ ಅವರ ಊರಿನ ರಾಜ್ಯದಲ್ಲಿ ಮನೆಯಿಂದ ಹೊರಬರಬಾರದೆಂದರು, ನ್ಯಾಯಾಧೀಶರು ಅದಕ್ಕೆ ಒಪ್ಪಲಿಲ್ಲ. ಪ್ರಾಣ ಒತ್ತೆಯಿಟ್ಟು ಸೇವೆಗೆ ಹೋದವಳಿಗೆ ಮರಳುವಾಗ ಇಂಥ ಸ್ವಾಗತವಾದರೆ ಮುಂದೆ ಹೋಗುವವರು ಯಾರು? ನಾನಾಗಿದ್ದರೆ ಹೋಗುತ್ತಿದ್ದೆನೇ ಎಂದು ಆ ರಾತ್ರಿಯೆಲ್ಲ ಯೋಚಿಸಿದ್ದೆ.

ಮೊದಲಮಳೆ

ನಿಷೇಧ ಬೇಡ ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ ಮೀರಿದವರ ಮೇಲೆ ಯಾವ ಕ್ರಮವೂ ಇಲ್ಲವೇ? ನಿಷೇಧ ಹಾಕಿದ ದೇಶಗಳ ಮೇಲೆ?

ಹಳೆಕಡತ

2005ರ ಅಂತರರಾಷ್ಟ್ರೀಯ ಆರೋಗ್ಯ ನಿಯಮಾವಳಿ ಇದೆ. ಅದರ 43ನೇ ವಿಧಿಯ ಪ್ರಕಾರ, ಪ್ರಯಾಣಕ್ಕೆ ದೊಡ್ಡ ಅಡ್ಡಿ ತರುವ ಹೆಚ್ಚುವರಿ ಕ್ರಮ ಕೈಗೊಂಡ ದೇಶ 48 ಗಂಟೆಗಳೊಳಗೆ ವಿಶ್ವ ಆರೋಗ್ಯ ಸಂಸ್ಥೆಗೆ ಕಾರಣ ಸಹಿತ ತಿಳಿಸಬೇಕು. ತಿಳಿಸದಿದ್ದರೆ ದಂಡವಿಲ್ಲ. ಅಕ್ಟೋಬರ್ ಕೊನೆಯಲ್ಲಿ ಆಸ್ಟ್ರೇಲಿಯಾ ಆ ಮೂರು ದೇಶಗಳವರಿಗೆ ವೀಸಾ ನಿಲ್ಲಿಸಿತು, ಕೆಲವೇ ದಿನಗಳಲ್ಲಿ ಕೆನಡಾ ಹಿಂಬಾಲಿಸಿತು. ಆಕ್ಷೇಪ ಬಂತು, ಅಷ್ಟೇ.

ಇದರ ಕೇಡು ಆ ಮೂರು ದೇಶಗಳಿಗೆ ಮಾತ್ರ ನಿಲ್ಲುವುದಿಲ್ಲ. ರೋಗ ಬಂದಿದೆ ಎಂದು ನಿಜ ಹೇಳಿದ ದೇಶಕ್ಕೆ ಶಿಕ್ಷೆಯಾಗುವುದನ್ನು ನೋಡಿದ ಇನ್ನೊಂದು ದೇಶ ಮುಂದಿನ ಸಲ ಬಾಯಿಬಿಡಲು ಹಿಂಜರಿಯುತ್ತದೆ. ಮೆಲಿಯಾಂಡುವಿನಿಂದ ಸುದ್ದಿ ಹೊರಬರಲು ಮೂರು ತಿಂಗಳು ಹಿಡಿಯಿತು. ಅಲ್ಲಿ ಅದು ತಿಳಿಯದೆ ಆದದ್ದು. ತಿಳಿದೂ ಮೂರು ತಿಂಗಳು ಮುಚ್ಚಿಟ್ಟರೆ ಏನಾಗಬಹುದು ಎಂದು ಯೋಚಿಸಿ.

ನೇಗಿಲಗೆರೆ

ನನ್ನ ಹಾಳೆಗೆ ಇನ್ನೊಂದು ತಾರೀಖು ಸೇರಿಸಿದೆ. 2019ರ ಜುಲೈ 14. ಕಾಂಗೋದಲ್ಲಿ, ಪಶ್ಚಿಮ ಆಫ್ರಿಕಾದ್ದನ್ನು ಬಿಟ್ಟರೆ ಜಗತ್ತು ಅಲ್ಲಿಯವರೆಗೆ ಕಂಡ ಅತಿ ದೊಡ್ಡ ಎಬೋಲಾ ಹಾವಳಿ ನಡೆಯುತ್ತಿದ್ದಾಗ, ರುವಾಂಡಾ ಗಡಿಗೆ ಅಂಟಿಕೊಂಡ ಗೋಮಾ ನಗರದಲ್ಲಿ ಬಸ್ಸಿನಲ್ಲಿ ಬಂದ ಒಬ್ಬರಿಗೆ ರೋಗ ದೃಢವಾಯಿತು. ದಿನವೂ ಸಾವಿರಾರು ಜನ ತಲೆಯ ಮೇಲೆ ಬುಟ್ಟಿ ಹೊತ್ತು ದಾಟುವ ಗಡಿ ಅದು. ಆಗಸ್ಟಿನ ಆರಂಭದಲ್ಲಿ ರುವಾಂಡಾ ಕೆಲವು ಗಂಟೆ ಗಡಿ ಮುಚ್ಚಿ, ಅಂದೇ ಮತ್ತೆ ತೆರೆಯಿತು. ಕೈ ತೊಳೆಯುವ ನೀರು, ಜ್ವರ ನೋಡುವ ಉಪಕರಣ ಹಿಡಿದ ಕಾರ್ಯಕರ್ತರು ಗಡಿಯಲ್ಲೇ ನಿಂತರು. ಆ ಹಾವಳಿಯಲ್ಲಿ 2,287 ಮಂದಿ ಸತ್ತರು, ಆದರೆ ರುವಾಂಡಾದಲ್ಲಿ ಒಂದು ಪ್ರಕರಣವೂ ಕಾಣಲಿಲ್ಲ. ಆಗ ಲಸಿಕೆಯೂ ಇತ್ತು, ಅದನ್ನು ಮರೆಯುವುದಿಲ್ಲ. 2015ರಲ್ಲಿ ಗಿನಿಯಲ್ಲಿ ಪ್ರಯೋಗ ನಡೆಸಿ ಗೆದ್ದ ಲಸಿಕೆ. ವಿಮಾನಗಳು ಪೂರ್ತಿ ನಿಂತಿದ್ದರೆ ಆ ಪ್ರಯೋಗ ಮಾಡಲು ಯಾರು ಹೋಗುತ್ತಿದ್ದರು?

ಕಲ್ಲುಕೋಟೆಯವರೇ, ನಿಮ್ಮ ಭಯ ನನ್ನದೂ ಹೌದು. ಈಗ ನನಗಿರುವ ಪ್ರಶ್ನೆ ಇಷ್ಟೇ: ಬಂದಿಳಿದವರನ್ನು 21 ದಿನ ನಿಗಾದಲ್ಲಿ ಇಡುತ್ತೇವೆ ಎನ್ನುವ ಸರ್ಕಾರ, ಆ 21 ದಿನ ದುಡಿಮೆ ಬಿಟ್ಟು ಕೂರುವವನ ಮನೆಗೆ ಏನು ಕೊಡುತ್ತದೆ?

ಕಲ್ಲುಕೋಟೆ

ಅವನ ಪೂರ್ತಿ ಕೂಲಿ ಕೊಡಬೇಕು. ಮೊದಲ ದಿನವೇ, ಮುಂಗಡವಾಗಿ. ಇದರಲ್ಲಿ ನಮ್ಮಿಬ್ಬರ ನಡುವೆ ಜಗಳವಿಲ್ಲ.

ರಾತ್ರಿಪಾಳಿ

ಜೊತೆಗೆ ದಿನವೂ ಬಂದು ಜ್ವರ ನೋಡುವ ಕಾರ್ಯಕರ್ತೆಯ ಕೂಲಿಯನ್ನೂ. ಪಶ್ಚಿಮ ಆಫ್ರಿಕಾದಲ್ಲಿ ಅದು ತಿಂಗಳುಗಟ್ಟಲೆ ಬಾಕಿ ಉಳಿದು, ಶವ ಹೂಳುವವರೂ ಮುಷ್ಕರ ಹೂಡಬೇಕಾಯಿತು.